ಗಡಿಯಾರ, ಎರಡು ಸಲ

ನನ್ನ ಗಂಡ ಚೆದೊಮಿರ್ ಮೂವತ್ತೇಳು ವರ್ಷ ಒಂದೇ ರೈಲು ಬಿಟ್ಟ. ಹದಿನೇಳನೆಯ ವಯಸ್ಸಿನಲ್ಲಿ ತಾನೊಂದು ಕಂಪ್ಯೂಟರ್ ಆಟ ಬರೆದಿದ್ದೆ, ಅದು ಒಂದು ಭಾನುವಾರ ನಮ್ಮೂರ ರೇಡಿಯೊದಲ್ಲಿ ಪ್ರಸಾರವಾಗಿತ್ತು ಎಂದು. ಆಟ ತೋರಿಸು ಎಂದರೆ ಇಲ್ಲ. ಕ್ಯಾಸೆಟ್ಟಾದರೂ ತೋರಿಸು ಎಂದರೆ ಅದೂ ಇಲ್ಲ. ಆಟದ ಹೆಸರು ‘ಸಾತ್’, ಅಂದರೆ ನಮ್ಮ ಸರ್ಬಿಯನ್ ಭಾಷೆಯಲ್ಲಿ ಗಡಿಯಾರ. ನಮ್ಮ ಪಿರೊತ್ ಊರಿನವರಿಗೆ ಇಷ್ಟು ಸಿಕ್ಕರೆ ಸಾಕು, ಜೀವಮಾನಕ್ಕಾಗುವಷ್ಟು ಚೇಷ್ಟೆ ಮಾಡುತ್ತಾರೆ. ಸಂತೆಯಲ್ಲಿ ಚೀಸ್ ಮಾರುವವನಿಂದ ಹಿಡಿದು ಚರ್ಚಿನ ಪಾದ್ರಿಯವರೆಗೆ ಎಲ್ಲರೂ ಅವನನ್ನು ಕೇಳುತ್ತಿದ್ದುದು ಒಂದೇ: “ಏನೋ ಚೆದಾ, ಗಡಿಯಾರ ಸಿಕ್ತಾ?”

“ಸಿಗುತ್ತೆ ಬಿಡು,” ಎನ್ನುತ್ತಿದ್ದ ಅವನು, ಒಂದಿಷ್ಟೂ ಸಿಟ್ಟಿಲ್ಲದೆ. ಅವನಿಗೆ ಸಿಟ್ಟು ಬರದಿರುವುದೇ ನನ್ನ ಪಿತ್ತ ನೆತ್ತಿಗೇರಿಸುತ್ತಿತ್ತು.

ನಾನು ಜವೊರ್ಕಾ, ಇಲ್ಲಿನ ಶಾಲೆಯಲ್ಲಿ ಮೂವತ್ತು ವರ್ಷದಿಂದ ಸರ್ಬಿಯನ್ ಪಾಠ ಹೇಳುವವಳು. ನನ್ನ ಬಾಯಿ ಜೋರು, ಊರಿಗೇ ಗೊತ್ತು. ನಂಬದವರಲ್ಲಿ ಮೊದಲ ಸಾಲಿನವಳು ನಾನೇ. ಅದಕ್ಕೆ ಕಾರಣವೂ ಇತ್ತು. ಎಂಬತ್ತಾರನೆಯ ಇಸವಿಯ ಮೇ ತಿಂಗಳಲ್ಲಿ ಈ ಮಹಾನುಭಾವ ನನ್ನನ್ನು ಮೊದಲ ಸಲ ಕರೆದಿದ್ದ: ಸಂಜೆ ಏಳಕ್ಕೆ, ಪೇಟೆ ಬೀದಿಯ ಗಡಿಯಾರದಂಗಡಿಯ ಮುಂದೆ ನೇತಾಡುತ್ತದಲ್ಲ, ಆ ದೊಡ್ಡ ಗಡಿಯಾರದ ಕೆಳಗೆ. ಊರೆಲ್ಲ ಬೀದಿಯಲ್ಲಿ ಮೇಲೆ ಕೆಳಗೆ ಅಡ್ಡಾಡುವ ಹೊತ್ತು ಅದು. ನಾನು ಹೊಸ ಬಿಳಿ ಚಪ್ಪಲಿ ಹಾಕಿಕೊಂಡು, ಎಲ್ಲರ ಕಣ್ಣೆದುರು, ಕಂಬದ ಹಾಗೆ ಇಪ್ಪತ್ತು ನಿಮಿಷ ನಿಂತೆ. ಅವನು ಕೈ ಕೊಟ್ಟ. ಬರಲೇ ಇಲ್ಲ.

ಮರುದಿನ ಶಾಲೆಯಲ್ಲಿ “ಬಂದಿದ್ದೆ ಕಣೇ, ಸ್ವಲ್ಪ ತಡ ಆಯ್ತು, ಕಂಪ್ಯೂಟರ್ ಮುಂದೆ ಕೂತಿದ್ದೆ, ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ” ಎಂದು ಶುರು ಮಾಡಿದ. “ಸಾಕು, ಯಾರ ಕಿವಿಗೆ ಹೂವಿಡ್ತೀಯ?” ಎಂದು ಬಾಯಿ ಮುಚ್ಚಿಸಿದೆ. ಮೂರು ವಾರ ಕಳೆದ ಮೇಲೆ ಮೈದಾನದ ಆಚೆಯಿಂದ ಕೂಗಿದ: “ಜವೊರ್ಕಾ! ಭಾನುವಾರ ಮಧ್ಯಾಹ್ನ ರೇಡಿಯೊ ಕೇಳು! ನಿನಗೆ ಅಂತಲೇ!”

ಆಗಿನ ಕಂಪ್ಯೂಟರುಗಳಿಗೆ ಆಟಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು, ಮನುಷ್ಯರ ಕಿವಿಗೆ ಬರೀ ಕಿರುಚಾಟ. ಅದನ್ನೇ ರೇಡಿಯೊದವರು ಪ್ರಸಾರ ಮಾಡುವುದು, ಕಂಪ್ಯೂಟರ್ ಇದ್ದ ನಾಲ್ಕೈದು ಮನೆಯವರು ಟೇಪಿನಲ್ಲಿ ಹಿಡಿದುಕೊಂಡು ಆಡುವುದು. ನಮ್ಮ ಮನೆಯಲ್ಲೆಲ್ಲಿಯ ಕಂಪ್ಯೂಟರ್! ನಾನು ಹಾಡೋ ಪದ್ಯವೋ ಇರಬೇಕೆಂದು ಕಾದು ಕುಳಿತೆ. ಬಂದದ್ದು ಹಂದಿ ಕೊಯ್ದ ಹಾಗೆ ಕೀಚಲು ಸದ್ದು. ಅರ್ಧ ನಿಮಿಷವಾಗುವಷ್ಟರಲ್ಲಿ ಅಮ್ಮ “ಆರಿಸೇ ಅದನ್ನ, ಹಾಲು ಒಡೆದು ಹೋಗುತ್ತೆ!” ಎಂದಳು. ಆರಿಸಿದೆ. ಯಾರ ಹೆಸರೂ ಕಿವಿಗೆ ಬಿದ್ದಿರಲಿಲ್ಲ, ಆ ಕೀಚಲು ಇವನು ಬರೆದ ಆಟವೆಂದು ಹೇಗೆ ನಂಬಲಿ? ಆಮೇಲೆ ಅವನು ನಮ್ಮ ಮನೆಯ ಟಿವಿ ರಿಪೇರಿ ಮಾಡಲು ಬಂದ, ಅಮ್ಮನಿಗೆ ಮೆಚ್ಚುಗೆಯಾದ, ನಾವು ಮದುವೆಯಾದೆವು. ಆದರೆ ಆ ಸಂಜೆಯನ್ನು ನಾನು ಮರೆತವಳಲ್ಲ. ಜಗಳವಾದಾಗೆಲ್ಲ ಹೊರಗೆ ತೆಗೆಯುತ್ತಿದ್ದೆ.

ಕ್ಯಾಸೆಟ್ ಎಲ್ಲಿ ಹೋಯಿತು ಎಂದರೆ, ಅದು ನಮ್ಮೂರಿನ ಗುಣ. ನಾವು ಏನನ್ನೂ ಎಸೆಯುವವರಲ್ಲ, ಹೊಸದನ್ನು ಕೊಳ್ಳುವವರೂ ಅಲ್ಲ. ಸಾಸೇಜನ್ನು ಕೂಡ ಚಪ್ಪಟೆಯಾಗುವವರೆಗೆ ಒತ್ತಿ ಒತ್ತಿ ಇಡುವ ಊರಿದು. ರೇಡಿಯೊದವರು ಅವನ ಟೇಪಿನ ಮೇಲೆ ಮರುವಾರವೇ ಕೇಳುಗರ ಶುಭಾಶಯ ಕಾರ್ಯಕ್ರಮ ತುಂಬಿದರು. ಮನೆಯಲ್ಲಿದ್ದ ಇನ್ನೊಂದರ ಮೇಲೆ ನನ್ನ ಮಾವ ಯಾರದೋ ಮದುವೆಯ ಅಕಾರ್ಡಿಯನ್ ತುಂಬಿಕೊಂಡರು. ಚೆದಾ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಆ ಅಕಾರ್ಡಿಯನ್ ಕ್ಯಾಸೆಟ್ ಇಂದಿಗೂ ನಮ್ಮಲ್ಲಿದೆ, ಚೆನ್ನಾಗಿಯೇ ಕೇಳಿಸುತ್ತದೆ.

ಟೈರು ಕಾರ್ಖಾನೆಯ ಕೆಲಸ ಹೋದ ಮೇಲೆ ಚೆದಾ ಮನೆಮನೆಗೆ ಹೋಗಿ ಬಟ್ಟೆ ಒಗೆಯುವ ಮಷೀನ್ ರಿಪೇರಿ ಮಾಡತೊಡಗಿದ. ಮಷೀನ್ ತಿರುಗಲು ಶುರುವಾಗಿ, ಮನೆಯಾಕೆ ಕಾಫಿ ತಂದಿಟ್ಟ ಗಳಿಗೆಗೆ ಸರಿಯಾಗಿ ಕೇಳುತ್ತಿದ್ದ: “ಅಟ್ಟದ ಮೇಲೆ ಹಳೇ ಕ್ಯಾಸೆಟ್ ಏನಾದ್ರೂ ಇದ್ಯಾಮ್ಮ? ಆಟದ್ದು?” ಹೀಗೆ ಹದಿಮೂರು ವರ್ಷದಲ್ಲಿ ನನ್ನ ಉಗ್ರಾಣ ಸಾವಿರದ ಇನ್ನೂರು ಕ್ಯಾಸೆಟ್ಟುಗಳ ಪಾಲಾಯಿತು. ಚಳಿಗಾಲಕ್ಕೆಂದು ಮೆಣಸಿನ ಗೊಜ್ಜಿನ ಸೀಸೆ ಜೋಡಿಸುವ ಹಲಗೆಗಳ ಮೇಲೆಲ್ಲ ಕ್ಯಾಸೆಟ್. ನನ್ನ ಸೀಸೆಗಳು ಮಂಚದ ಕೆಳಗೆ ಸೇರಿದವು. ಒಮ್ಮೆ ನೋಡುತ್ತೇನೆ, ಅವುಗಳಿಗೂ ಪುಣ್ಯಾತ್ಮ ನಂಬರ್ ಅಂಟಿಸಿದ್ದಾನೆ!

ಅವನ ಕೆಲಸಕ್ಕೊಂದು ಪದ್ಧತಿಯಿತ್ತು, ಮಡಿವಂತರ ಪೂಜೆಯ ಹಾಗೆ. ಕ್ಯಾಸೆಟ್ ಬಂದರೆ ಮೊದಲು ಒರೆಸುವುದು, ಕೈಯಲ್ಲೇ ಒಮ್ಮೆ ಪೂರ್ತಿ ಸುತ್ತುವುದು, ಆಮೇಲೆ ಕಂಪ್ಯೂಟರಿಗೆ ತುಂಬಿ ನೋಡುವುದು. ಉಗ್ರಾಣದಲ್ಲೇ ಇಟ್ಟುಕೊಂಡ ಅವನ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಎಂಬುದೊಂದಿದೆ. ಈಗಿನ ಯಂತ್ರಕ್ಕೆ ಆ ಕಾಲದ ಯಂತ್ರದ ವೇಷ ಹಾಕುವುದು ಅದರ ಕೆಲಸ, ಹಳೆಯ ಆಟಗಳು ಮೋಸ ಹೋಗಿ ಅಲ್ಲಿ ಬಂದು ಆಡುತ್ತವೆ. ಓಡಿದ ಆಟಕ್ಕೆ ಪಟ್ಟಿಯಲ್ಲಿ ಹಸಿರು ಗುರುತು. ಓಡದಿದ್ದದ್ದು ‘ಆಸ್ಪತ್ರೆ’ ಎಂದು ಬರೆದ ಶೂ ಡಬ್ಬಿಗೆ. ಪಟ್ಟಿಗೆ ಹೆಸರು ಬರೆಯುವಾಗ ಅವನದು ಒಂದೇ ನಿಯಮ: ಚೀಟಿಯ ಮೇಲೆ ಏನಿದೆಯೋ ಅದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. “ಊಹೆ ಮಾಡೋಕೆ ಹೋದ್ರೆ ಕೆಟ್ಟಂಗೆ ಕಣೇ,” ಎನ್ನುತ್ತಿದ್ದ. ಈ ನಿಯಮವೇ ಅವನ ತಲೆಗೆ ಕುತ್ತಾದದ್ದು.

ಅವನ ಸಂಗ್ರಹದಲ್ಲಿ ಒಂದು ರತ್ನವಿತ್ತು, ಸಂಖ್ಯೆ ನಾನೂರ ಹನ್ನೊಂದು. ತೀರಿಕೊಂಡ ಭೂಗೋಳದ ಮೇಷ್ಟ್ರು ಬ್ಲಾಗೊಯೆ ಅವರ ಮಗಳು ದಾನಿತ್ಸಾ ಕೊಟ್ಟ ಪೆಟ್ಟಿಗೆಯಲ್ಲಿ ಬಂದದ್ದು. ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಸಿ, ಎ, ಟಿ, ಪಕ್ಕದಲ್ಲಿ 2X. ಇಂಗ್ಲಿಷಿನ ಬೆಕ್ಕು! ಬೆಕ್ಕಿನ ಆಟವೊಂದು ಇದ್ದದ್ದು ಎಲ್ಲರಿಗೂ ಗೊತ್ತು, ಆದರೆ ಅದರ ಎರಡನೆಯ ಭಾಗ? ಯಾರೂ ಕಂಡವರಿಲ್ಲ, ಕೇಳಿದವರಿಲ್ಲ. ಚೆದಾ ಇಂಗ್ಲೆಂಡಿನ ಸಂಗ್ರಹಕಾರರಿಗೆ ಬರೆದ. ಅಲ್ಲಿ ಕೋಲಾಹಲವೇ ಎದ್ದಿತು. ನಾರ್ಮನ್ ಎಂಬ ಯಜಮಾನರೊಬ್ಬರು ‘ಕಳೆದುಹೋದ ಎರಡನೆಯ ಬೆಕ್ಕು’ ಎಂದು ಇಪ್ಪತ್ತು ಪುಟದ ಲೇಖನ ಬರೆದರು. ಇನ್ನೊಬ್ಬರು ಹಾಗೊಂದು ಬೆಕ್ಕು ಇರಲೇ ಇಲ್ಲ ಎಂದು ಮೂವತ್ತು ಪುಟ ಬರೆದರು. ಇಬ್ಬರ ನಡುವೆ ಮಾತುಕತೆ ನಿಂತಿತು.

ದುರದೃಷ್ಟಕ್ಕೆ ಆ ಕ್ಯಾಸೆಟ್ ಓಡುತ್ತಿರಲಿಲ್ಲ. ಚೆದಾ ಒಂದೇ ಸಲ ಹಾಕಿದ್ದ. ಕಿರುಚಾಟದ ನಡುವೆ ಯಾರೋ ಹೆಂಗಸು “ಬ್ಲಾಗೊಯೆ! ಹುರುಳಿಕಾಯಿ ಆರಿ ಹೋಗ್ತಿದೆ!” ಎಂದು ಕೂಗಿದ್ದು ಕೇಳಿಸಿತು. ಮೇಷ್ಟ್ರು ತಂತಿ ಹಾಕದೆ ಮೈಕನ್ನು ಎದುರಿಟ್ಟು ತುಂಬಿಸಿಕೊಂಡಿದ್ದರು, ಅವರ ಹೆಂಡತಿಯ ಹುರುಳಿಕಾಯಿಯೂ ತುಂಬಿತು. ಅಷ್ಟರಲ್ಲಿ ಟೇಪು ಹಪ್ಪಳದ ಹಾಗೆ ಸಿಡಿಯುವ ಲಕ್ಷಣ ತೋರಿಸಿದ್ದರಿಂದ ಅವನು ಗಡಬಡಿಸಿ ನಿಲ್ಲಿಸಿದ. ಇನ್ನೊಮ್ಮೆ ಓಡಿಸಿದರೆ ಹರಿದೇ ಹೋದೀತೆಂಬ ಭಯ. ನಾರ್ಮನ್ ಯಜಮಾನರೂ “ದಯವಿಟ್ಟು ಮುಟ್ಟಬೇಡಿ” ಎಂದು ಬರೆದಿದ್ದರು. ಹಾಗಾಗಿ ರತ್ನ ಹತ್ತಿಯಲ್ಲಿ ಸುತ್ತಿಸಿಕೊಂಡು ಹನ್ನೊಂದು ವರ್ಷ ಮಲಗಿತ್ತು.

ಕಳೆದ ಸೆಪ್ಟೆಂಬರಿನಲ್ಲಿ ನೀಶ್ ನಗರದ ರಾಂಕೊ ಎಂಬ ಸಂಗ್ರಹಕಾರ ನಮ್ಮೂರ ಸಾಂಸ್ಕೃತಿಕ ಭವನದಲ್ಲಿ ಅಕ್ಟೋಬರಿಗೆಂದು ಹಳೆಯ ಆಟಗಳ ಪ್ರದರ್ಶನ ಗೊತ್ತುಮಾಡಿದ. ಗಡ್ಡದ ಮನುಷ್ಯ, ದೊಡ್ಡ ಗಂಟಲು. ಅದರಲ್ಲಿ ‘ನಮ್ಮ ಸೀಮೆಯಲ್ಲೇ ಹುಟ್ಟಿದ ಆಟಗಳು’ ಎಂದೊಂದು ಮೇಜು. ಚೆದಾ ನಾಚಿಕೊಂಡೇ ಬಾಯಿಬಿಟ್ಟ, ತನ್ನದೂ ಒಂದಿತ್ತು ಎಂದು. ರಾಂಕೊ ನಮ್ಮ ಅಡುಗೆಮನೆಯಲ್ಲೇ ಕೂತು, ನಾನು ಮಾಡಿದ ಪೈ ತಿನ್ನುತ್ತಾ ನಕ್ಕ.

“ಚೆದಾ, ನನಗೂ ಒಂದು ಆಟ ಇತ್ತು, ನಮ್ಮಜ್ಜಿಗೂ ಒಂದಿತ್ತು. ತೆರೆ ಮೇಲೆ ಓಡಿದ್ರೆ ಆಟ, ಇಲ್ದಿದ್ರೆ ಪುಕಾರು. ನೀನು ನಿನ್ನ ಬೆಕ್ಕು ತಂದಿಡು ಮಾರಾಯ, ಸಾಕು.”

ಚೆದಾ ನನ್ನತ್ತ ನೋಡಿದ. ಅವನ ಪರವಾಗಿ ಒಂದು ಮಾತು ಬರುತ್ತದೇನೋ ಎಂದು ನೋಡಿದ. ನಾನು ರಾಂಕೊಗೆ ಇನ್ನೊಂದು ತುಂಡು ಪೈ ಬಡಿಸಿದೆ. ಈಗ ನೆನೆದರೆ ನನ್ನ ಕೈಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅವನಿಗೆ ಊರು ನಂಬಬೇಕೆಂಬ ಆಸೆ ಅಷ್ಟಿರಲಿಲ್ಲ. ನಾನು ನಂಬಬೇಕಿತ್ತು.

ಪ್ರದರ್ಶನಕ್ಕೆ ವಾರವಿದ್ದಾಗ ಮನೆಯ ಹಿಂದಿನ ಅಂಗಳದಲ್ಲಿ ಮೆಣಸಿನಕಾಯಿ ಸುಡುತ್ತಿದ್ದೆವು. ನಾನು, ಮತ್ತು ಪಕ್ಕದ ಮನೆಯ ಪೆರ್ಸಿದಾ ಅಜ್ಜಿ. ಎಂಬತ್ತನಾಲ್ಕು ವರ್ಷ, ಇಡೀ ಬೀದಿಯ ವಂಶಾವಳಿ ಬಾಯಿಪಾಠ. ಚೆದಾ ಅಜ್ಜಿಯ ಹಳದಿ ಬೆಕ್ಕು ಝೂಚಾನನ್ನು ಪೋಸ್ಟರಿಗೆಂದು ಫೋಟೊ ತೆಗೆಯಲು ಹರಸಾಹಸ ಮಾಡುತ್ತಿದ್ದ. ರತ್ನದ ಕ್ಯಾಸೆಟ್ಟನ್ನು ಬೆಕ್ಕಿನ ಮುಂದಿಟ್ಟು, ಬೆಕ್ಕು ಅದನ್ನು ನೋಡುವ ಹಾಗೆ ಮಾಡಬೇಕಂತೆ. ಬೆಕ್ಕು ಆಕಾಶ ನೋಡಿತು, ಬಾಲ ನೋಡಿತು, ಕ್ಯಾಸೆಟ್ ಬಿಟ್ಟು ಬೇರೆಲ್ಲ ನೋಡಿತು.

“ಜವೊರ್ಕಾ, ಸ್ವಲ್ಪ ಹಿಡ್ಕೋ ಇದನ್ನ, ಅಕ್ಷರ ಈ ಕಡೆ ಬರೋ ಥರ,” ಎಂದ.

ಕೈ ಒರೆಸಿಕೊಂಡು ಹಿಡಿದೆ. ಹನ್ನೊಂದು ವರ್ಷದಲ್ಲಿ ಆ ಚೀಟಿಯನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಷರ ಕಂಡರೆ ಗಟ್ಟಿಯಾಗಿ ಓದುವುದು ನನ್ನ ಕಸುಬಿನ ಕೆಟ್ಟ ಚಾಳಿ. ಓದಿದೆ.

“ಸಾತ್. ಎರಡು ಸಲ.”

ಚೆದಾ ಕ್ಯಾಮೆರಾದಿಂದ ಕಣ್ಣು ತೆಗೆಯದೆ, “ಕ್ಯಾಟ್ ಕಣೇ. ಇಂಗ್ಲಿಷು,” ಎಂದ.

“ಯಾವ ಇಂಗ್ಲಿಷೋ? ಇದು ಬ್ಲಾಗೊಯೆ ಮೇಷ್ಟ್ರ ಅಕ್ಷರ! ಅವ್ರು ಸಾಯೋವರೆಗೂ ಸಿರಿಲಿಕ್ ಬಿಟ್ಟು ಬೇರೆ ಲಿಪೀಲಿ ಒಂದು ಚುಕ್ಕೆ ಇಟ್ಟವರಲ್ಲ! ಇದು ಸಿ ಅಲ್ಲ, ನಮ್ಮ ‘ಸ’. ಸ, ಆ, ತ. ಸಾತ್. ಒಂದನೇ ಕ್ಲಾಸಿನ ಮಕ್ಕಳು ಓದ್ತಾರೆ! ಆಮೇಲೆ ಎರಡು, ಇಂಟು ಗುರುತು. ಎರಡು ಸಲ. ಅಷ್ಟೇ.”

ನಮ್ಮ ಭಾಷೆಗೆ ಸಿರಿಲಿಕ್ ಒಂದು, ಇಂಗ್ಲಿಷಿನಂಥ ಲ್ಯಾಟಿನ್ ಒಂದು, ಹೀಗೆ ಎರಡು ಲಿಪಿ ಎಂಬುದು ಇಲ್ಲಿ ಕೂಸುಗಳಿಗೂ ಗೊತ್ತಿರುವ ವಿಷಯ. ಕೆಲವು ಅಕ್ಷರಗಳ ರೂಪ ಎರಡರಲ್ಲೂ ಒಂದೇ, ಸದ್ದು ಬೇರೆ. ಆದರೆ ಕಂಪ್ಯೂಟರ್ ಹುಡುಗರು ಆ ಕಾಲದಲ್ಲಿ ಎಲ್ಲವನ್ನೂ ಲ್ಯಾಟಿನ್ ಲಿಪಿಯಲ್ಲೇ ಬರೆಯುತ್ತಿದ್ದರು, ಏಕೆಂದರೆ ಆ ಯಂತ್ರಕ್ಕೆ ಬರುತ್ತಿದ್ದುದು ಅದೊಂದೇ. ಸಾವಿರದ ಇನ್ನೂರು ಚೀಟಿ ಲ್ಯಾಟಿನ್ನಿನಲ್ಲಿ ಓದಿದವನ ಕಣ್ಣು ಈ ಒಂದನ್ನೂ ಹಾಗೆಯೇ ಓದಿತು. ತನ್ನ ಆಟವನ್ನು ಅವನು ಎಸ್ ಅಕ್ಷರದ ಕೆಳಗೆ ಹದಿಮೂರು ವರ್ಷ ಹುಡುಕಿದ. ಅದು ಸಿ ಅಕ್ಷರದ ಕೆಳಗೆ ಹತ್ತಿಯಲ್ಲಿ ಮಲಗಿತ್ತು.

ಹೇಳಿದ್ದು ಏನು ಎಂದು ನನಗೇ ಹೊಳೆಯಲು ಒಂದು ಗಳಿಗೆ ಹಿಡಿಯಿತು. ತಲೆಯೆತ್ತಿದೆ. ಚೆದಾ ಕ್ಯಾಮೆರಾ ಎದೆಗೊತ್ತಿಕೊಂಡು, ಬಾಯಿ ತೆರೆದು ನಿಂತಿದ್ದ.

“ಇನ್ನೊಂದ್ಸಲ ಓದು,” ಎಂದ.

“ಸಾತ್,” ಎಂದೆ.

“ಅಯ್ಯೋ ದೇವ್ರೇ, ಗಡಿಯಾರ ಸಿಕ್ತು!” ಎಂದು ಪೆರ್ಸಿದಾ ಅಜ್ಜಿ ಕಿರುಚಿದಳು. ಬೆಕ್ಕು ಬೇಲಿ ಹಾರಿತು. ನಾವು ಮೂವರೂ ಒಳಗೆ ಓಡಿದೆವು. ನಲವತ್ತು ಕಿಲೊ ಮೆಣಸಿನಕಾಯಿ ಇದ್ದಿಲಾಯಿತು, ಬೀದಿಯವರು ಹೊಗೆ ಕಂಡು ಬಕೆಟ್ ಹಿಡಿದು ಬಂದರು. ಬಂದವರು ವಿಷಯ ಕೇಳಿ ವಾಪಸ್ ಹೋಗಲೇ ಇಲ್ಲ.

ಟೇಪು ಇನ್ನು ಒಂದೇ ಸಲ ಓಡೀತು, ಅಷ್ಟೇ ಅದರ ಆಯುಷ್ಯ. ಚೆದಾ ಅದನ್ನು ಮೊದಲು ಕೈಯಲ್ಲೇ ಸುತ್ತಿದ, ಅಂಗುಲ ಅಂಗುಲವಾಗಿ, ಎರಡು ಗಂಟೆ ಹೊತ್ತು. ನಂತರ ಕಿಟಕಿ ಮುಚ್ಚಿಸಿದ. ಫ್ರಿಜ್ ಆರಿಸಿದ. ಪೆರ್ಸಿದಾ ಅಜ್ಜಿಗೆ ಕೆಮ್ಮಬೇಡ ಎಂದ. ಉಗ್ರಾಣದ ಬಾಗಿಲಲ್ಲಿ ನಾವು ಹನ್ನೊಂದು ಜನ ಉಸಿರು ಬಿಗಿಹಿಡಿದು ನಿಂತೆವು. ಗುಂಡಿ ಒತ್ತಿದ.

ಕಿರುಚಾಟ ಶುರುವಾಯಿತು. ನನಗೆ ಆ ಸದ್ದು ತಕ್ಷಣ ಗುರುತು ಸಿಕ್ಕಿತು, ಅಮ್ಮ ಆರಿಸು ಎಂದಳಲ್ಲ, ಅದೇ ಸದ್ದು. ನಡುವೆ “ಬ್ಲಾಗೊಯೆ! ಹುರುಳಿಕಾಯಿ!” ಬಂತು, ಯಾರೂ ನಗಲಿಲ್ಲ. ಕಿರುಚಾಟ ಮುಂದುವರಿಯಿತು, ನಿಂತಿತು. ಚೆದಾ ಟೇಪಿನ ಕಡೆ ಬಾಗಿದ. ಆಗ ಒಬ್ಬ ಗಂಡಸಿನ ಹಳೆಯ ಕಾಲದ ರೇಡಿಯೊ ದನಿ, ಸ್ಪಷ್ಟವಾಗಿ, ನಮ್ಮ ಉಗ್ರಾಣದಲ್ಲಿ ಮಾತಾಡಿತು:

“ಪ್ರಿಯ ಕೇಳುಗರೇ, ಮೊದಲ ಸಲ ಹಿಡಿದುಕೊಳ್ಳಲು ಆಗದವರಿಗಾಗಿ ಇನ್ನೊಮ್ಮೆ. ನಮ್ಮ ತಿಯಾಬರಾ ಬಡಾವಣೆಯ ಚೆದೊಮಿರ್ ಮಾಂಚಿಚ್ ಬರೆದ ಆಟ, ಗಡಿಯಾರ.”

ಉಗ್ರಾಣದಲ್ಲಿ ಎದ್ದ ಕೇಕೆಗೆ ಮಂಚದ ಕೆಳಗಿನ ಸೀಸೆಗಳೂ ಅಲುಗಾಡಿದವು. ಚೆದಾ ಎರಡೂ ಕೈ ಮೇಲೆತ್ತಿ “ಶ್! ಶ್! ಓಡ್ತಿದೆ, ಇನ್ನೂ ಓಡ್ತಿದೆ!” ಎಂದು ಬೇಡಿಕೊಂಡ, ಕಣ್ಣಲ್ಲಿ ನೀರು. ಎರಡನೆಯ ಪ್ರಸಾರ ಮುಕ್ಕಾಲು ಪಾಲು ಚೊಕ್ಕವಾಗಿ ಬಂತು, ಹುರುಳಿಕಾಯಿ ಇಲ್ಲದೆ. ಆಮೇಲೆ ಟಪ್ ಎಂದು ಟೇಪು ಹರಿಯಿತು. ಆದರೆ ಮೊದಲನೆಯದರ ಕೊನೆಯಿತ್ತು, ಎರಡನೆಯದರ ಆರಂಭವಿತ್ತು. ಎರಡನ್ನೂ ಸೇರಿಸಿ ಹೊಲಿಯಲು ಅವನಿಗೆ ಐದು ದಿನ ಹಿಡಿಯಿತು. ಆ ಐದು ದಿನ ಪಿರೊತ್‌ನಲ್ಲಿ ಯಾರ ಬಟ್ಟೆ ಒಗೆಯುವ ಮಷೀನೂ ರಿಪೇರಿಯಾಗಲಿಲ್ಲ, ಯಾರೂ ಬೇಜಾರೂ ಮಾಡಿಕೊಳ್ಳಲಿಲ್ಲ. ಇಂಗ್ಲೆಂಡಿನ ನಾರ್ಮನ್ ಯಜಮಾನರಿಗೆ ಬೆಕ್ಕು ಇಲ್ಲವೆಂದು ಬರೆದೆವು. ‘ಹನ್ನೊಂದು ವರ್ಷದಲ್ಲಿ ಇಷ್ಟು ಸಂತೋಷದಿಂದ ಮೂರ್ಖನಾದದ್ದು ಇದೇ ಮೊದಲು’ ಎಂದು ಉತ್ತರ ಬಂತು.

ಆಟ ಇತ್ತು ಎಂದು ನಾನು ಈಗ ಒಪ್ಪಿಕೊಂಡೆ, ಬಾಯಿ ಬಿಟ್ಟೇ ಹೇಳಿದೆ: “ತಪ್ಪಾಯ್ತು ಕಣೋ. ಇತ್ತು. ರೈಲಲ್ಲ.”

“ಇತ್ತು ಅನ್ನೋದಷ್ಟೇ ಅಲ್ಲ,” ಎಂದ. “ಶನಿವಾರ ನೀನು ಆಡು. ಮೊದಲು ನೀನೇ ಆಡ್ಬೇಕು.”

“ನಾನಾ? ಜನ್ಮದಲ್ಲಿ ಮುಟ್ಟಿಲ್ಲ!”

“ಬಾಣದ ಗುರುತಿರೋ ಕೀಲಿ ಒತ್ತೋದು, ಅಷ್ಟೇ. ನಡೆಯೋಕೆ ಬರುತ್ತಲ್ಲ ನಿನಗೆ?”

ಶನಿವಾರ ಸಾಂಸ್ಕೃತಿಕ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀಸ್ ಮಾರುವವನು ಬಂದಿದ್ದ, ಪಾದ್ರಿ ಬಂದಿದ್ದರು, ಪೆರ್ಸಿದಾ ಅಜ್ಜಿ ಮುಂದಿನ ಕುರ್ಚಿಯಲ್ಲಿ ಬುಟ್ಟಿಯೊಳಗೆ ಝೂಚಾನನ್ನು ಇಟ್ಟುಕೊಂಡು ಕುಳಿತಿದ್ದಳು. ಪೋಸ್ಟರಿನ ಮೇಲೆ ಬೆಕ್ಕೇ ಉಳಿದಿತ್ತು, ಬದಲಾಯಿಸಲು ಸಮಯವಿರಲಿಲ್ಲ. ರಾಂಕೊ ಗಡ್ಡ ತಡವುತ್ತಾ “ನೋಡೋಣ, ಓಡ್ಲಿ ಮೊದ್ಲು,” ಎಂದ. ಚೆದಾ ಗುಂಡಿ ಒತ್ತಿ, ನನ್ನನ್ನು ಕೂರಿಸಿ, ತಾನು ಬಾಗಿಲ ಬಳಿ ಹೋಗಿ ನಿಂತ.

ತೆರೆಯ ಮೇಲೆ ನಮ್ಮೂರು ಮೂಡಿತು. ಚೌಕ ಚೌಕ ಮನೆಗಳು, ನಿಶಾವಾ ನದಿ ನೀಲಿ ಪಟ್ಟಿ, ಅದರ ಮೇಲೆ ಸೇತುವೆ, ಆಚೆ ಪೇಟೆ. ಮೂಲೆಯಲ್ಲಿ ಗಡಿಯಾರ: ಆರೂವರೆ. ಕೆಳಗೆ ಕಡ್ಡಿಯಂಥ ಹುಡುಗ. ಪೇಟೆಯ ಆ ತುದಿಯಲ್ಲಿ, ಗಡಿಯಾರದಂಗಡಿಯ ಮುಂದೆ, ಒಬ್ಬ ಪುಟ್ಟ ಹುಡುಗಿ. ಅವಳ ಕಾಲಿನ ಕಡೆ ಎರಡು ಬಿಳಿ ಚುಕ್ಕೆ.

ಭವನ ಗೊಳ್ಳೆಂದಿತು. ನನ್ನ ಕಿವಿ ಬಿಸಿಯಾಯಿತು. ಚಪ್ಪಲಿ! ಅವನು ಚಪ್ಪಲಿ ಕೂಡ ಬರೆದಿದ್ದ. ಬಂದೇ ಇಲ್ಲದವನಿಗೆ ನನ್ನ ಚಪ್ಪಲಿಯ ಬಣ್ಣ ಹೇಗೆ ಗೊತ್ತು? ಆಮೇಲೆ ನಾನೇ ಅಂದುಕೊಂಡೆ, ಶಾಲೆಗೂ ಅದನ್ನೇ ಹಾಕುತ್ತಿದ್ದೆನಲ್ಲ.

ಆಡಿದೆ. ದೇವರೇ, ಏನು ಕಷ್ಟ! ತಿಯಾಬರಾ ಬೀದಿಯಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಒಂದು ಬಾಗಿಲಿನಿಂದ ದಪ್ಪನೆಯ ಹೆಂಗಸೊಬ್ಬಳು ಹೊರಬಂದು ದಾರಿಗಡ್ಡ ನಿಂತಳು. ತೆರೆಯ ಮೇಲೆ ಬರಹ: ‘ಯಾರ ಮಗನೋ ನೀನು?’ ಗಡಿಯಾರ ಐದು ನಿಮಿಷ ಮುಂದೆ ಹಾರಿತು.

“ಅದು ನಾನು!” ಪೆರ್ಸಿದಾ ಅಜ್ಜಿ ಎದ್ದು ನಿಂತಳು. “ಅದು ನಮ್ಮನೆ ಬಾಗಿಲು! ಚೆದಾ, ಕಳ್ಳ, ನನ್ನನ್ನ ಇಷ್ಟು ದಪ್ಪ ಬರ್ದಿದ್ದೀಯಾ?”

“ಮೇಡಂ, ಎಡಕ್ಕೆ! ಎಡಕ್ಕೆ!” ಎಂದು ಹಿಂದಿನಿಂದ ಕೂಗು. ಸೇತುವೆಯ ಮೇಲೆ ಕುರಿ ಹಿಂಡು. ಮಾರುಕಟ್ಟೆಯಲ್ಲಿ ಚೀಸಿನ ಚಕ್ರವೊಂದು ಉರುಳಿಕೊಂಡು ಬಂದು ಹುಡುಗನನ್ನು ಕೆಡವಿತು. ಚೀಸ್ ಮಾರುವವನು ಹೆಮ್ಮೆಯಿಂದ ಸುತ್ತ ನೋಡಿದ. ನಾನು ಬೈದೆ, ಒತ್ತಿದೆ, ಬಿದ್ದೆ, ಎದ್ದೆ. ಬರಹದಲ್ಲಿ ಎರಡು ಕಾಗುಣಿತದ ತಪ್ಪಿದ್ದವು, ಅವನ್ನೂ ಕಂಡೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿತ್ತು. ಆದರೂ ಪೇಟೆ ಬೀದಿಯ ಈ ತುದಿ ಮುಟ್ಟುವಾಗ ಗಡಿಯಾರ ಏಳು ಇಪ್ಪತ್ತು ತೋರಿಸಿತು. ಬಿಳಿ ಚಪ್ಪಲಿಯ ಹುಡುಗಿ ತಿರುಗಿ, ತೆರೆಯ ಅಂಚಿನಿಂದ ಹೊರಟೇ ಹೋದಳು. ಬರಹ: ‘ಹೋದಳು. ತಪ್ಪು ನನ್ನದು.’

ಎಲ್ಲರೂ ಅಯ್ಯೋ ಎಂದರು. “ಮುಗೀತು,” ಎಂದ ರಾಂಕೊ, “ಆದ್ರೆ ಆಟ ಅಂದ್ರೆ ಆಟ. ಭೇಷ್ ಚೆದಾ!” ನಾನು ಕೀಲಿಯಿಂದ ಕೈ ತೆಗೆಯಲಿದ್ದೆ.

“ಬಿಡ್ಬೇಡ,” ಬಾಗಿಲ ಕಡೆಯಿಂದ ಚೆದಾನ ದನಿ. “ಮುಗಿದಿಲ್ಲ. ನಡೀತಾ ಇರು.”

ನಡೆದೆ. ಹುಡುಗಿಯಿಲ್ಲದ ಬೀದಿಯಲ್ಲಿ ಕಡ್ಡಿ ಹುಡುಗ ನಡೆದ. ಗಡಿಯಾರದ ಕೆಳಗೆ ತಲುಪುವಾಗ ಏಳು ನಲವತ್ತು. ಅಲ್ಲಿ ಅವನು ತಾನೇ ನಿಂತ, ನಾನು ಎಷ್ಟು ಒತ್ತಿದರೂ ಕದಲಲಿಲ್ಲ. ಗಡಿಯಾರ ಮಾತ್ರ ಓಡಿತು. ಎಂಟು. ಜನ ಬೀದಿಯಲ್ಲಿ ಅಡ್ಡಾಡಿದರು. ಎಂಟೂವರೆ. ಜನ ಕಮ್ಮಿಯಾದರು. ಒಂಬತ್ತು. ಅಂಗಡಿಗಳ ದೀಪ ಒಂದೊಂದಾಗಿ ಆರಿದವು. ಭವನದಲ್ಲಿ ಯಾರೂ ನಗುತ್ತಿರಲಿಲ್ಲ. ಹತ್ತು. ಕೊನೆಯ ದೀಪವೂ ಆರಿತು, ಕಪ್ಪು ತೆರೆಯ ಮೇಲೆ ಒಂದೇ ಸಾಲು ಉಳಿಯಿತು: ‘ಇಲ್ಲೇ ಇದ್ದೇನೆ.’

ಅವನು ಬಂದಿದ್ದ. ನಲವತ್ತು ನಿಮಿಷ ತಡವಾಗಿ ಬಂದು, ಬೀದಿ ಖಾಲಿಯಾಗುವವರೆಗೆ ನಿಂತಿದ್ದ. ನಾನು ಹೇಳಗೊಡಲಿಲ್ಲವೆಂದು ಯಂತ್ರದಲ್ಲಿ ಬರೆದು ಇಡೀ ಊರಿಗೆ ಕೇಳುವ ಹಾಗೆ ಹೇಳಿದ್ದ. ನಾನು ರೇಡಿಯೊ ಆರಿಸಿದ್ದೆ. ನನಗೆ ಎಷ್ಟು ನಾಚಿಕೆಯಾಯಿತೋ ಅಷ್ಟೇ ಖುಷಿಯಾಯಿತು. ಎರಡೂ ಒಟ್ಟಿಗೇ ನುಗ್ಗಿ ಬಂದು, ನಾನು ಎಲ್ಲರೆದುರು ನಗುತ್ತಲೇ ಅತ್ತೆ. ಚಪ್ಪಾಳೆಗೆ ಝೂಚಾ ಬುಟ್ಟಿಯಿಂದ ಹಾರಿ ರಾಂಕೊನ ಹೆಗಲೇರಿತು.

ಮನೆಗೆ ನಡೆಯುವಾಗ ಸೇತುವೆಯ ಮೇಲೆ ಕೇಳಿದೆ: “ಅಲ್ಲ ಕಣೋ, ಅವಳು ವಾಪಸ್ ಬರೋ ಹಂಗೆ ಯಾಕೆ ಬರೀಲಿಲ್ಲ? ಯಂತ್ರದಲ್ಲಿ ಜಾಗ ಇರ್ಲಿಲ್ವಾ?”

“ಜಾಗ ಬೇಕಾದಷ್ಟಿತ್ತು,” ಎಂದ. “ಆದ್ರೆ ಅದು ನಾನು ಬರೆಯೋದಲ್ಲ, ನೀನು ಮಾಡ್ಬೇಕಾಗಿದ್ದು.”

“ಹಂಗಾದ್ರೆ ನಾಳೆ ಏಳಕ್ಕೆ. ಗಡಿಯಾರದ ಕೆಳಗೆ. ತಡ ಮಾಡಿದ್ಯೋ, ನೋಡು ಮತ್ತೆ!”

ಭಾನುವಾರ ಏಳಕ್ಕೆ ಐದು ನಿಮಿಷವಿರುವಾಗಲೇ ಹೋಗಿ ನಿಂತೆ. ಬಿಳಿ ಚಪ್ಪಲಿಯನ್ನೇ ಹುಡುಕಿ ಹಾಕಿಕೊಂಡಿದ್ದೆ, ಅಕ್ಟೋಬರ್ ಚಳಿಯಲ್ಲಿ. ಗಡಿಯಾರದಂಗಡಿ ಈಗ ಮೊಬೈಲ್ ಅಂಗಡಿ, ಗಡಿಯಾರ ಮಾತ್ರ ಅದೇ. ಏಳಾಯಿತು. ಏಳು ಇಪ್ಪತ್ತಾಯಿತು. ಅಡ್ಡಾಡುತ್ತಿದ್ದ ಅರ್ಧ ಊರು ನನ್ನನ್ನು ನೋಡಿ ಮುಸಿಮುಸಿ ನಕ್ಕಿತು. “ಏನ್ ಮೇಡಂ, ಚೆದಾ ಮತ್ತೆ ಕೈ ಕೊಟ್ನಾ?” ಎಂದು ಚೀಸ್ ಮಾರುವವನು ಕೇಳಿದ. “ನಿನ್ನ ಕೆಲಸ ನೋಡ್ಕೋ ಹೋಗು!” ಎಂದು ಗದರಿದೆ. ಕಾಲು ಮರಗಟ್ಟಿತ್ತು. ಕದಲಲಿಲ್ಲ.

ಏಳು ನಲವತ್ತಕ್ಕೆ ಬೀದಿಯ ತುದಿಯಲ್ಲಿ ಕಾಣಿಸಿದ, ಓಡುತ್ತಾ, ಮನೆಯೊಳಗಿನ ಚಪ್ಪಲಿಯಲ್ಲೇ.

“ಪಟ್ಟೀಲಿ ಅದನ್ನ ಸಿ ಇಂದ ತೆಗೆದು ಎಸ್‌ಗೆ ಹಾಕ್ತಾ ಇದ್ದೆ ಕಣೇ, ಅದರ ಹಿಂದೆ ಮುಂದೆ ಎಲ್ಲ ನಂಬರೂ ಬದಲಾಯಿಸ್ಬೇಕಾಯ್ತು, ಹೊತ್ತು ಹೋಗಿದ್ದೇ...” ಎಂದು ಏದುಸಿರು ಬಿಡುತ್ತಾ ಬಂದವನು ನಾಲ್ಕು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ. ಗಡಿಯಾರ ನೋಡಿದ, ನನ್ನನ್ನು ನೋಡಿದ.

“ಇದ್ದೀಯಾ?” ಎಂದ.

“ಇಲ್ಲೇ ಇದ್ದೀನಿ,” ಎಂದೆ.